ಎಳೆಯ ಮೈಯ ಕಾವು ಮತ್ತು ಕೀಟನಾಶಕ

ಹೊರಗೆ ಬಿಸಿಲಿರಲಿ ಚಳಿಯಿರಲಿ, ನಮ್ಮ ಮೈಯ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್ ಎಂಬ ಭಾಗವು ಅದನ್ನು ಕಾಯ್ದುಕೊಂಡು ಬರುತ್ತದೆ. ಆಗತಾನೆ ಹುಟ್ಟಿದ ಇಲಿಮರಿಗಾದರೋ ಈ ಶಕ್ತಿ ಪೂರ್ಣವಾಗಿ ಬಂದಿರುವುದಿಲ್ಲ. ಮೈಮೇಲೆ ರೋಮವಿಲ್ಲ; ಗಾತ್ರ ಕಿರಿದಾದುದರಿಂದ ಕಾವು ಬೇಗನೆ ಸೋರಿಹೋಗುತ್ತದೆ. ಒಡಹುಟ್ಟಿದವುಗಳೊಡನೆ ಒತ್ತಾಗಿ ಮಲಗಿ, ಮೈಯೊಳಗಿನ ಕಂದು ಕೊಬ್ಬನ್ನು ಉರಿಸಿ ಅದು ಬೆಚ್ಚಗಿರಬೇಕು.

ಇಂತಹ ಜೀವಕ್ಕೆ ಕ್ಲೋರ್‌ಪೈರಿಫಾಸ್‌ನಂತಹ ಕೀಟನಾಶಕ ತಗುಲಿದರೆ ಏನಾಗುವುದು? ನರಗಳು ಅಸಿಟೈಲ್‌ಕೋಲಿನ್ ಎಂಬ ದ್ರವ್ಯದ ಮೂಲಕ ಸಂದೇಶ ಕಳುಹಿಸುತ್ತವೆ. ಕೆಲಸ ಮುಗಿದೊಡನೆ ಅದನ್ನು ಒಡೆಯಲು ಒಂದು ಕಿಣ್ವವುಂಟು. ವಿಷವು ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಸಂದೇಶಗಳು ನಿಲ್ಲದೆ, ಉಷ್ಣತೆಯನ್ನಾಳುವ ನರಗಳು ಗೊಂದಲಕ್ಕೀಡಾಗುತ್ತವೆ, ಮೈ ತಣ್ಣಗಾಗುತ್ತದೆ. ಬೆಳೆದ ಇಲಿಗಳಲ್ಲಿ ಉಷ್ಣತೆ ಮೊದಲು ಇಳಿದು, ಅನಂತರ ಜ್ವರದಂತೆ ಏರುವುದನ್ನು ಪ್ರಯೋಗಶಾಲೆಗಳಲ್ಲಿ ಕಂಡಿದ್ದಾರೆ. ಮರಿಗಳ ಪಾಡು ಇನ್ನೂ ಕಠಿಣ. ವಿಷವನ್ನು ಅಡಗಿಸುವ ಕಿಣ್ವಗಳು ಅವುಗಳಲ್ಲಿ ಕಡಿಮೆ; ಆದುದರಿಂದ ದೊಡ್ಡವು ತಡೆದುಕೊಳ್ಳುವ ಪ್ರಮಾಣವೇ ಅವುಗಳಿಗೆ ಮಾರಕವಾಗಬಹುದು.

ವಿದ್ಯಾರ್ಥಿಗಳೇ, ಜಿರಲೆ ಗೆದ್ದಲುಗಳಿಗೆ ಸಿಂಪಡಿಸುವುದನ್ನು ನಾವು ‘ಔಷಧಿ’ ಎಂದು ಕರೆದರೂ ಅದು ವಿಷವೇ ಸರಿ. ಸಿಂಪಡಿಸುವ ಮುನ್ನ ಮೆಟ್ಟಿಲಡಿಯ ಬೆಕ್ಕಿನ ಮರಿಗಳನ್ನೂ ತೊಟ್ಟಿಲ ಕೂಸನ್ನೂ ದೂರವಿರಿಸಿರಿ. ತಮ್ಮ ಕಾವನ್ನು ತಾವೇ ಕಾಯ್ದುಕೊಳ್ಳಲಾರದವರನ್ನು ಕಾಯುವುದು ಬಲ್ಲವರ ಕರ್ತವ್ಯವಲ್ಲವೆ?