ಊರನ್ನು ಕಾಪಿಟ್ಟ ಕಾಡು

ಚಾರಣವೆಂದರೆ ಬೆಟ್ಟದ ನೆತ್ತಿ ತಲುಪಿ, ಛಾಯಾಚಿತ್ರ ತೆಗೆಸಿಕೊಂಡು ಮರಳುವುದು ಎಂಬ ಭಾವನೆ ನಗರವಾಸಿಗಳಾದ ನಮ್ಮಲ್ಲಿ ಬೇರೂರಿದೆ. ಮಳೆಗಾಲ ಮುಗಿದ ಮೇಲೆ ಹನ್ನೆರಡು ಮಂದಿಯ ನಮ್ಮ ತಂಡ ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆಯ ಕಾಡಿನಲ್ಲಿ ನಡೆದಾಗ ಏರಲು ಯಾವ ಶಿಖರವೂ ಇರಲಿಲ್ಲ. ಇದ್ದದ್ದು ಶರಾವತಿಯ ದಂಡೆಯ ಒಂದು ಕಾಲುದಾರಿ, ಕಾಲಿಗೆ ಹತ್ತುವ ಇಂಬಳ ಮತ್ತು ಮರಗಳ ನಡುವೆ ಅಲ್ಲಲ್ಲಿ ತಲೆಯೆತ್ತುವ ಒಂದು ರಾಜಧಾನಿಯ ಅವಶೇಷ.

ನಗರಬಸ್ತಿಕೇರಿ ಎಂಬ ಹೆಸರಿನಲ್ಲೇ ಇತಿಹಾಸವಿದೆ. ವಿಜಯನಗರದ ಸಾಮಂತರಾಗಿದ್ದ ಸಾಳುವ ಮನೆತನದ ರಾಣಿ ಚೆನ್ನಭೈರಾದೇವಿ ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಅರ್ಧ ಶತಮಾನದಷ್ಟು ಕಾಲ ಆಳಿದ ನೆಲವಿದು. ಘಟ್ಟದ ಕಾಳುಮೆಣಸು ಇಲ್ಲಿಂದ ಹೊಳೆಯಗುಂಟ ಕಡಲಿಗೆ ಇಳಿಯುತ್ತಿತ್ತು. ಅದನ್ನು ಕೊಳ್ಳಲು ಹಾತೊರೆದ ಪೋರ್ಚುಗೀಸರು ಆಕೆಯನ್ನು ‘ಮೆಣಸಿನ ರಾಣಿ’ ಎಂದೇ ಕರೆದರು. ಹದಿನೇಳನೆಯ ಶತಮಾನದ ಆರಂಭದಲ್ಲಿ ಇಕ್ಕೇರಿಯ ವೆಂಕಟಪ್ಪ ನಾಯಕನ ದಾಳಿಗೆ ರಾಜ್ಯ ಕುಸಿಯಿತು.

1623ರಲ್ಲಿ ಇಕ್ಕೇರಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯೊಡನೆ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಈ ದಾರಿಯಲ್ಲಿ ಬಂದ. ಒಂದು ಕಾಲದ ಪ್ರಸಿದ್ಧ ಪಟ್ಟಣವೂ ಅರಮನೆಯೂ ಪಾಳುಬಿದ್ದು ಮರಗಿಡಗಳಿಂದ ಮುಚ್ಚಿಹೋದುದನ್ನು ಆತ ದಾಖಲಿಸಿದ್ದಾನೆ. ರಾಜ್ಯ ಅಳಿದು ಎರಡು ದಶಕ ಕಳೆಯುವಷ್ಟರಲ್ಲಿ ಕಾಡು ತನ್ನ ನೆಲವನ್ನು ಮರಳಿ ಪಡೆದಿತ್ತು.

ಇಂದು ಉಳಿದಿರುವುದರಲ್ಲಿ ಮುಖ್ಯವಾದುದು ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಒಳಗೆ ನಾಲ್ಕು ಕಡೆಗೂ ಮುಖಮಾಡಿದ ತೀರ್ಥಂಕರರು. 1586ರ ಕಾರ್ಕಳದ ಬಸದಿಯನ್ನು ಕಂಡವರಿಗೆ ಈ ವಿನ್ಯಾಸ ಪರಿಚಿತ. ಆದರೆ ಅಲ್ಲಿ ಸುತ್ತ ಊರಿದೆ; ಇಲ್ಲಿ ಸುತ್ತ ಕಾಡು. ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯೊಂದನ್ನು ತೋರಿಸಿ ನಮ್ಮ ತಂಡದ ನಿವೃತ್ತ ಅಧ್ಯಾಪಕರೊಬ್ಬರು, ‘ರಾಣಿಯ ಬೊಕ್ಕಸ ಇದೇ ಅಲ್ಲವೇ?’ ಎಂದರು. ಮಾತು ತಮಾಷೆಯದಾದರೂ ಸತ್ಯ. ಕಾಳುಮೆಣಸು ಈ ಘಟ್ಟಗಳದೇ ಬಳ್ಳಿ. ಕಾಡಿಲ್ಲದೆ ಮೆಣಸಿಲ್ಲ, ಮೆಣಸಿಲ್ಲದೆ ಆ ಪಟ್ಟಣವೂ ಇಲ್ಲ.

ತಂಡದ ತರುಣನೊಬ್ಬ ಹಳೆಯ ಹೆಂಚಿನ ಚೂರೊಂದನ್ನು ನೆನಪಿಗೆಂದು ಚೀಲಕ್ಕೆ ಸೇರಿಸಿಕೊಂಡ. ದಾರಿ ತೋರಿಸಲು ಬಂದಿದ್ದ ಸ್ಥಳೀಯ ಹಿರಿಯರು ಅದನ್ನು ಗಮನಿಸಿದರು. ‘ತಮಾ, ಅದನ್ನ ಅಲ್ಲೇ ಇಟ್ಬಿಡು. ಬಂದವರೆಲ್ಲ ಒಂದೊಂದು ಒಯ್ದರೆ ನಾಳೆ ಬಂದವರಿಗೆ ತೋರ್ಸೋದಕ್ಕೆ ಏನಿರ್ತದೆ?’ ಅವನು ನಾಚಿ ಚೂರನ್ನು ಇದ್ದಲ್ಲೇ ಇಟ್ಟ.

ಹೆಂಚಿನ ಚೂರಿಗೇ ಈ ನಿಯಮವಾದರೆ ಇಡೀ ಕಣಿವೆಗೆ? 2019ರಲ್ಲಿ ಸರ್ಕಾರವೇ ಸುಮಾರು 930 ಚದರ ಕಿಲೋಮೀಟರ್ ವ್ಯಾಪ್ತಿಯ ಶರಾವತಿ ಸಿಂಗಳೀಕ ಅಭಯಾರಣ್ಯವನ್ನು ಘೋಷಿಸಿತು. ಅದೇ ಕಣಿವೆಯಲ್ಲಿ ಈಗ 2000 ಮೆಗಾವಾಟ್ ಸಾಮರ್ಥ್ಯದ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾವವಿದೆ. ವಿದ್ಯುತ್ ಹೆಚ್ಚಾಗಿರುವ ಹೊತ್ತಿನಲ್ಲಿ ಗೇರುಸೊಪ್ಪೆ ಜಲಾಶಯದ ನೀರನ್ನು ತಲಕಳಲೆಗೆ ಎತ್ತಿ, ಬೇಡಿಕೆಯ ಹೊತ್ತಿನಲ್ಲಿ ಕೆಳಗಿಳಿಸಿ ವಿದ್ಯುತ್ ಪಡೆಯುವುದು ಇದರ ಕ್ರಮ. 2025ರ ಸಾರ್ವಜನಿಕ ಅಹವಾಲು ಸಭೆಗಳಲ್ಲಿ ಸ್ಥಳೀಯರು ಇದನ್ನು ತೀವ್ರವಾಗಿ ವಿರೋಧಿಸಿದರು.

ಸೌರ ಮತ್ತು ಪವನ ವಿದ್ಯುತ್ತನ್ನು ಶೇಖರಿಸಿಡುವ ಅಗತ್ಯವನ್ನು ಅಲ್ಲಗಳೆಯಲಾಗದು. ಆ ವಿದ್ಯುತ್ತನ್ನು ಬಳಸುವವರು ಬೆಂಗಳೂರಿನ ನಾವೇ. ಆದರೆ ಎರಡು ಮಾತುಗಳನ್ನು ಮರೆಯುವಂತಿಲ್ಲ. ಇಂತಹ ಯೋಜನೆ ನೀರೆತ್ತಲು ವ್ಯಯಿಸಿದಷ್ಟು ವಿದ್ಯುತ್ತನ್ನು ಹಿಂತಿರುಗಿಸಲಾರದು. ಸಿಂಗಳೀಕ ನೆಲಕ್ಕಿಳಿಯುವುದು ಅಪರೂಪ. ಮರದಿಂದ ಮರಕ್ಕೆ ಸಾಗುವ ಅದಕ್ಕೆ ಕೊಂಬೆಗಳ ಸಾಲು ತುಂಡಾದರೆ ಬದುಕೇ ತುಂಡಾದಂತೆ. ಸುರಂಗ ನೆಲದಡಿಯದೇ ಇರಬಹುದು, ಅದನ್ನು ಕೊರೆಯಲು ಬರುವ ಯಂತ್ರಗಳಿಗೆ ರಸ್ತೆ ಬೇಕಾಗುವುದು ನೆಲದ ಮೇಲೆಯೇ.

ನಮ್ಮ ಆಡಳಿತದಲ್ಲಿ ಮರ ಒಂದು ಇಲಾಖೆಗೆ, ಕಲ್ಲು ಇನ್ನೊಂದಕ್ಕೆ, ನೀರು ಮತ್ತೊಂದಕ್ಕೆ ಸೇರಿದೆ. ಗೇರುಸೊಪ್ಪೆಯಲ್ಲಿ ಇವು ಮೂರೂ ಒಂದೇ ಕಥೆಯ ಭಾಗಗಳು. ಆದ್ದರಿಂದ ಯೋಜನೆಯ ಲೆಕ್ಕಪತ್ರದಲ್ಲಿ ಕಡಿಯುವ ಮರಗಳ ಸಂಖ್ಯೆಯಷ್ಟೇ ಇದ್ದರೆ ಸಾಲದು. ಶೇಖರಣೆಗೆ ಬೇರೆ ದಾರಿಗಳನ್ನೂ ಬೇರೆ ಜಾಗಗಳನ್ನೂ ಪ್ರಾಮಾಣಿಕವಾಗಿ ತೂಗಿ ನೋಡಿದ ವಿವರ ಜನರ ಮುಂದಿರಬೇಕು.

ಸಂಜೆ ಮರಳುವಾಗ ಆ ಹಿರಿಯರು ನಮ್ಮನ್ನು ಬೀಳ್ಕೊಡುತ್ತ, ‘ಮುಂದಿನ ವರ್ಷ ಮಕ್ಕಳನ್ನೂ ಕರ್ಕೊಂಡು ಬನ್ನಿ’ ಎಂದರು. ಬರುತ್ತೇವೆ ಎಂದೆವು. ಅವರು ತೋರಿಸಿದ್ದು ಅಂದೂ ಅಲ್ಲಿರಬೇಕು ಎಂಬುದಷ್ಟೇ ನಮ್ಮ ಆಸೆ.