ಬೆಂಕಿಗೆ ಸಿಕ್ಕಿದ ಕಂಬಿ ಮನೆಗೆ ಹಾಕಬಹುದಾ?

ಹೋದ ವಾರ ಹೊಸನಗರ ತಾಲ್ಲೂಕಿನ ಹುಲಿಕಲ್‌ನಲ್ಲಿ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಹೊಸ ಮನೆ ಕಟ್ಟಿಸ್ತಿದ್ದಾರೆ. ಬೆಂಕಿ ಬಿದ್ದ ಶೆಡ್ ಒಂದರಲ್ಲಿ ರಾಶಿ ಹಾಕಿದ್ದ ಟಿಎಂಟಿ ಕಂಬಿ ಅರ್ಧ ರೇಟಿಗೆ ಸಿಗ್ತಿತ್ತು. "ಗಟ್ಟಿಯಾಗೇ ಇದ್ಯಲ್ಲ ಮಾರಾಯ, ತಗಳಣ" ಅಂದ್ರು. ನಾನು ಓದಿದ್ದು ಬಿ.ಕಾಂ. ಲೆಕ್ಕ ಹಾಕಿದ್ರೆ ಲಾಭವೇ. ಆದ್ರೂ ಯಾಕೋ ಅನುಮಾನ ಬಂತು.

ಕಂಬಿ ಮೇಲೆ ಎಫ್‌ಇ 500 ಅಂತ ಇರುತ್ತಲ್ಲ, ಅದರರ್ಥ ಇಷ್ಟು: ಒಂದು ಚದರ ಮಿಲಿಮೀಟರಿಗೆ ಕನಿಷ್ಠ 500 ನ್ಯೂಟನ್ ಎಳೆತದವರೆಗೆ ಅದು ಶಾಶ್ವತವಾಗಿ ಹಿಗ್ಗಬಾರದು. 12 ಎಂಎಂ ಕಂಬಿಗೆ ಇದು ಸುಮಾರು 5.8 ಟನ್. ಆದರೆ ಈ ಪರೀಕ್ಷೆ ಮಾಡೋದು ಮಾಮೂಲಿ ಉಷ್ಣತೆಯಲ್ಲಿ, ನಿಧಾನವಾಗಿ ಎಳೆದು. ಉಷ್ಣತೆ, ವೇಗ ಬದಲಾದ್ರೆ ನಂಬರೂ ಬದಲಾಗುತ್ತೆ.

ನಮ್ಮ ಕಡೆಯ ಜೋನಿ ಬೆಲ್ಲ ನೆನಪಿಸಿಕೊಳ್ಳಿ. ಚಮಚ ನಿಧಾನಕ್ಕೆ ಒತ್ತಿದ್ರೆ ಒಳಗೆ ಹೋಗುತ್ತೆ, ರಪ್ಪಂತ ಒತ್ತಿದ್ರೆ ತಡೆಯುತ್ತೆ, ಬಿಸಿ ಮಾಡಿದ್ರೆ ಹರಿಯುತ್ತೆ. ಉಕ್ಕು ದ್ರವ ಅಲ್ಲ, ಆದ್ರೂ ಹೋಲಿಕೆ ಇದೆ. ಉಕ್ಕು ಬಾಗುವಾಗ ಒಳಗಿನ ಪರಮಾಣುಗಳ ಪದರಗಳು ಒಂದರ ಮೇಲೊಂದು ಜಾರುತ್ತವೆ. ಶಾಖ ಆ ಜಾರುವಿಕೆಗೆ ಸಹಾಯ ಮಾಡುತ್ತೆ. ಹೊಡೆತ ವೇಗವಾಗಿದ್ರೆ ಜಾರೋಕೆ ಸಮಯವೇ ಸಿಗಲ್ಲ, ಹಾಗಾಗಿ ಉಕ್ಕು ಹೆಚ್ಚು ಗಟ್ಟಿಯಾಗಿ ನಿಲ್ಲುತ್ತೆ.

ಗಟ್ಟಿ ಅಂದ ಮಾತ್ರಕ್ಕೆ ಒಳ್ಳೇದು ಅಂತಲ್ಲ. ತೀರಾ ಚಳಿಯಲ್ಲಿ ಉಕ್ಕು ಬಾಗೋ ಬದಲು ಫಟ್ ಅಂತ ಮುರೀಬಹುದು, ದಿಢೀರ್ ಹೊಡೆತ ಬಿದ್ರೆ ಇನ್ನೂ ಸುಲಭ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕೆಲವು ಲಿಬರ್ಟಿ ಹಡಗುಗಳು ತಣ್ಣನೆ ಸಮುದ್ರದಲ್ಲಿ ಹೀಗೇ ಸೀಳಿಹೋದವು. ಹುಲಿಕಲ್ ಚಳಿಗೆ ಆ ಭಯ ಇಲ್ಲ.

ನಮಗಿದ್ದ ಭಯ ಬೆಂಕಿಯದ್ದು. ಸುಮಾರು 600 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉಕ್ಕಿನ ಬಲ ಅರ್ಧದ ಆಸುಪಾಸಿಗೆ ಇಳಿಯುತ್ತೆ. ಕುಲುಮೆಯಲ್ಲಿ ಕೆಂಪಗೆ ಕಾದ ಕತ್ತಿ ಸುತ್ತಿಗೆಗೆ ಬಗ್ಗೋದು ಇದಕ್ಕೇ. ತಣ್ಣಗಾದ ಮೇಲೆ ಬಲ ವಾಪಸ್ ಬರಲ್ವಾ? ಇಲ್ಲೇ ಇರೋದು ತೊಂದರೆ. ಟಿಎಂಟಿ ಕಂಬಿಯನ್ನ ಕಾರ್ಖಾನೆಯಲ್ಲಿ ಬಿಸಿಯಿದ್ದಾಗಲೇ ನೀರು ಹಾಯಿಸಿ, ಹೊರಗೊಂದು ಗಟ್ಟಿ ಪದರ ಬರೋ ಹಾಗೆ ಮಾಡಿರ್ತಾರೆ. ಜೋರು ಬೆಂಕಿಯಲ್ಲಿ ಕಾದು ನಿಧಾನವಾಗಿ ಆರಿದ್ರೆ ಆ ಪದರ ಮೆತ್ತಗಾಗಿಬಿಡುತ್ತೆ, ಮತ್ತೆ ಮೊದಲಿನಂತಾಗಲ್ಲ. ನೋಡೋಕೆ ಕಂಬಿ ಮಾತ್ರ ಹಾಗೇ ಇರುತ್ತೆ.

1923ರಿಂದಲೇ ಭದ್ರಾವತಿಯಲ್ಲಿ ಕಬ್ಬಿಣ ಕರಗಿಸಿದ ಜಿಲ್ಲೆ ನಮ್ಮದು. ಆದ್ರೂ ಕಂಬಿ ಕೊಳ್ಳುವಾಗ ರೇಟ್ ಬಿಟ್ಟು ಬೇರೇನೂ ಕೇಳಲ್ಲ. ಸುಟ್ಟ ಕಂಬಿ ಕಡಿಮೆಗೆ ಸಿಕ್ಕಿದ್ರೆ, ತುಂಡುಗಳನ್ನ ಪರೀಕ್ಷಾ ಲ್ಯಾಬ್‌ಗೆ ಕೊಟ್ಟು ಎಳೆತದ ರಿಪೋರ್ಟ್ ತಗೊಳ್ಳಿ. ರಿಪೋರ್ಟ್ ಇಲ್ಲ ಅಂದ್ರೆ ಅದು ಗುಜರಿ ಅಷ್ಟೇ.

ಚಿಕ್ಕಪ್ಪ ಕೊನೆಗೆ ಹೊಸ ಕಂಬಿನೇ ತಂದ್ರು. ಇನ್ನೂ ಬೈತಾನೇ ಇದ್ದಾರೆ. ಬೈಲಿ ಬಿಡಿ, ಆ ತಾರಸಿ ಕೆಳಗೆ ಮಲಗೋದು ಅವರೇ.