ಬೆಳಕಿನಿಂದ ಪಾದಪರೀಕ್ಷೆ

ಕಳೆದ ಚೈತ್ರದಲ್ಲಿ ನಮ್ಮ ಮಿತ್ರರೊಬ್ಬರು ಹರಕೆಯ ನಿಮಿತ್ತ ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಹತ್ತಿ, ನಡುಹಗಲಿನಲ್ಲಿ ಇಳಿದು ಬಂದರು. ಅಂಗಾಲು ಬೊಬ್ಬೆಯೆದ್ದುದನ್ನು ಕಂಡವಳು ಅವರ ಮೊಮ್ಮಗಳು. ಅವರಿಗೆ ನೋವೇ ಇರಲಿಲ್ಲ. ಹದಿನೈದು ವರ್ಷದ ಮಧುಮೇಹವು ಪಾದದ ಸ್ಪರ್ಶಜ್ಞಾನವನ್ನು ಅಪಹರಿಸಿತ್ತು.

ವ್ರಣವು ಮಾಯಬೇಕಾದರೆ ಪ್ರಾಣವಾಯುವನ್ನು ಹೊತ್ತ ರಕ್ತವು ಅಲ್ಲಿಗೆ ತಲಪಬೇಕು. ಆ ವಾಯುವಿನ ಪ್ರಮಾಣವನ್ನು ಸೂಜಿಯಿಲ್ಲದೆ ಬೆಳಕಿನಿಂದಲೇ ಅರಿಯುವ ಉಪಾಯವುಂಟು. ಪ್ರಾಣವಾಯುಯುಕ್ತವಾದ ರಕ್ತವು ಕೆಂಪು ಬೆಳಕನ್ನು ಕಡಮೆಯಾಗಿಯೂ, ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಹೆಚ್ಚಾಗಿಯೂ ಹೀರುವುದು. ಅದನ್ನು ಕಳೆದುಕೊಂಡ ರಕ್ತದ ರೀತಿ ಇದಕ್ಕೆ ವಿಪರೀತ. ಇವೆರಡನ್ನು ಹೋಲಿಸಿದರೆ ಲೆಕ್ಕ ದೊರೆಯುತ್ತದೆ. ಈ ತತ್ತ್ವವನ್ನು ನಾಡಿಯ ಮಿಡಿತದೊಡನೆ 1974ರಲ್ಲಿ ಜೋಡಿಸಿದವರು ಜಪಾನಿನ ತಕುವೊ ಅಯೋಯಗಿ. ಕೋವಿಡ್ ಕಾಲದಲ್ಲಿ ನಮ್ಮ ಅಗ್ರಹಾರದ ಎಷ್ಟೋ ಮನೆಗಳಿಗೆ ಬಂದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಅದೇ.

ಮಿತ್ರರು ಅದನ್ನೇ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, 97 ಎಂದು ಕಂಡು, ವೈದ್ಯರಲ್ಲಿಗೆ ಹೋಗುವುದನ್ನು ಮುಂದೂಡಿದರು. ಆದರೆ ಆ ಯಂತ್ರವು ಮಿಡಿಯುವ ರಕ್ತದಲ್ಲಿ ಪ್ರಾಣವಾಯು ಎಷ್ಟು ತುಂಬಿದೆಯೆಂದು ಹೇಳೀತೇ ಹೊರತು, ಎಷ್ಟು ರಕ್ತ ಬರುತ್ತಿದೆಯೆಂದು ಹೇಳದು. ಬಂದ ಒಂದೇ ಬಿಂದಿಗೆ ತುಂಬಿದ್ದರೇನು, ಮನೆಮಂದಿಗೆಲ್ಲ ನೀರು ಸಾಲಬೇಡವೇ? ಚರ್ಮವು ಕಪ್ಪಾಗಿದ್ದರೆ ಆ ಸಂಖ್ಯೆ ನಿಜಕ್ಕಿಂತ ಹೆಚ್ಚಾಗಿ ತೋರುವುದೂ ಉಂಟು. ಪಾದದ ಮೇಲೆ ಅವಕೆಂಪು ಬೆಳಕನ್ನು ಚೆಲ್ಲಿ, ಹಿಂದಿರುಗಿದ ಬೆಳಕಿನಿಂದ ವ್ರಣದ ಸುತ್ತಲಿನ ಸ್ಥಿತಿಯನ್ನು ಚಿತ್ರಿಸುವ ಉಪಕರಣಗಳೂ ಈಗ ಬಂದಿವೆ. ಅವು ಸಹ ವೈದ್ಯರು ಕಾಲಿನ ನಾಡಿಯನ್ನು ಮುಟ್ಟಿ ನೋಡುವುದಕ್ಕೂ, ಅಲ್ಲಿಯ ರಕ್ತದೊತ್ತಡವನ್ನು ಅಳೆಯುವುದಕ್ಕೂ ಸಹಾಯಕಗಳೇ ಸರಿ, ಪ್ರತಿನಿಧಿಗಳಲ್ಲ.

ಮಿತ್ರರ ಕಿರುಬೆರಳು ಹೋಯಿತು, ಪಾದವು ಉಳಿಯಿತು. ಈಗ ಪ್ರತಿರಾತ್ರಿಯೂ ಮೊಮ್ಮಗಳು ದೀಪ ಹಿಡಿದು ಅವರ ಅಂಗಾಲನ್ನು ನೋಡುತ್ತಾಳೆ.